ನೀರುಮನೆಯಲ್ಲಿ ಮಂಜುಗಡ್ಡೆ ಒಡೆಯುವ ಬುರ್ಮಾಕಾನ್

ಬೆಳಗಿನ ಏಳು ಗಂಟೆ. ಕಿಟಕಿಗಳ ಆಚೆ ಇನ್ನೂ ಬೂದಿ ಬಣ್ಣದ ಬೆಳಕು. ಬುರ್ಮಾಕಾನ್ ಒರೊಜಲಿಯೆವಾ ಈಜುಕೊಳದ ಅಂಚಿನಲ್ಲಿ ನಿಂತು ಎರಡೂ ಕೈಯಲ್ಲಿ ಹಾರೆ ಎತ್ತುತ್ತಾರೆ, ಕೆಳಕ್ಕೆ ಬಿಡುತ್ತಾರೆ. ಟಣ್ ಎನ್ನುತ್ತದೆ. ಇನ್ನೊಮ್ಮೆ ಎತ್ತುತ್ತಾರೆ. ತಲೆಯ ಮೇಲೆ ಸೂರಿದೆ, ಸುತ್ತ ನಾಲ್ಕು ಗೋಡೆಗಳಿವೆ, ಎದುರು ಗೋಡೆಯ ಮೇಲೆ ನೀಲಿ ಬಣ್ಣದ ಡಾಲ್ಫಿನ್ ಒಂದು ಚೆಂಡು ಹಿಡಿದು ನಗುತ್ತಿದೆ. ಆದರೆ ನೀರಿನ ಮೇಲೆ ಮೂರು ಬೆರಳು ದಪ್ಪದ ಮಂಜುಗಡ್ಡೆ. ನಿನ್ನೆ ಸಂಜೆ ಒಡೆದು ಹೋಗಿದ್ದು, ಬೆಳಗಾಗುವುದರೊಳಗೆ ಮತ್ತೆ ಕಟ್ಟಿಕೊಂಡಿದೆ.

ಅವರಿಗೆ ಐವತ್ತೆಂಟು. ತಲೆಗೆ ಉಣ್ಣೆಯ ಶಾಲು, ಮೈಮೇಲೆ ತೀರಿಕೊಂಡ ಗಂಡನ ಗಣಿ ಕೋಟು, ಕಾಲಿಗೆ ಉಣ್ಣೆಯ ಬೂಟು. ಇಡೀ ಕೊಳದ ಗಡ್ಡೆ ಒಡೆಯುವ ಹುಚ್ಚು ಕೆಲಸ ಮಾಡುವುದಿಲ್ಲ ಅವರು. ಗೋಡೆಗೆ ತಾಗಿದ ಕಡೆ ಮಾತ್ರ, ಒಂದು ಗೇಣು ಅಗಲ, ಸುತ್ತಲೂ. ಇಪ್ಪತ್ತೈದು ಮೀಟರ್ ಉದ್ದ, ಹನ್ನೊಂದು ಮೀಟರ್ ಅಗಲ. ಒಂದು ಸುತ್ತಿಗೆ ಒಂದೂಕಾಲು ಗಂಟೆ. ಮಂಜುಗಡ್ಡೆ ಹಿಗ್ಗಿದರೆ ಗೋಡೆಯನ್ನು ಒತ್ತುತ್ತದೆ, ಒತ್ತಿದರೆ ಗೋಡೆ ಸೀಳುತ್ತದೆ. ಅದಕ್ಕೇ ನೀರಿನ ನಡುವೆ ಹನ್ನೆರಡು ಪಾಪ್ಲರ್ ಮರದ ದಿಮ್ಮಿಗಳು ತೇಲುತ್ತಿವೆ. ಗಡ್ಡೆಯ ಒತ್ತಡವನ್ನು ಮರ ತಿನ್ನಲಿ, ಗೋಡೆ ಉಳಿಯಲಿ ಎಂದು.

"ಏನ್ ಎಜೆ, ಮೀನು ಬಿತ್ತಾ?" ಎನ್ನುತ್ತಾ ರಿನಾತ್ ಒಳಗೆ ಬರುತ್ತಾನೆ. ನಮ್ಮೂರ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಹಾಕುವವನು, ತತಾರ ಜನಾಂಗದವನು. ಹದಿಮೂರನೇ ದಿಮ್ಮಿಯನ್ನು ಜಾರುಬಂಡಿಯ ಮೇಲೆ ಎಳೆದು ತಂದಿದ್ದಾನೆ. ಎಜೆ ಅಂದರೆ ನಮ್ಮಲ್ಲಿ ಅಕ್ಕ. ನಮ್ಮೂರು ಕೆನ್-ಸಾಯ್‌ನಲ್ಲಿ ಬುರ್ಮಾಕಾನ್ ಎಂದು ಪೂರ್ತಿ ಹೆಸರು ಹಿಡಿದು ಅವರನ್ನು ಯಾರೂ ಕರೆಯುವುದಿಲ್ಲ. ಎಲ್ಲರಿಗೂ ಬುರ್ಮಾ ಎಜೆ.

"ನಿನ್ ತಲೆ ಬಿತ್ತು. ದಿಮ್ಮಿ ಮೆಲ್ಲಗೆ ಇಳ್ಸು, ಟೈಲು ಒಡೀಬೇಡ."

"ಒಡೆಯೋಕೆ ಉಳ್ದಿರೋದು ಎಷ್ಟು?"

"ಮೂವತ್ತೇಳು ಸಾವಿರದ ಒಂಬೈನೂರು ಚಿಲ್ರೆ. ಲೆಕ್ಕ ನಂಗೊತ್ತು. ನೀನು ಮೆಲ್ಲಗೆ ಇಳ್ಸು."

ಈ ಕಟ್ಟಡವನ್ನು ಏನೆಂದು ಕರೆಯಬೇಕು ಎನ್ನುವಲ್ಲಿಂದಲೇ ಎಲ್ಲ ಅನ್ಯಾಯ ಶುರುವಾಗುತ್ತದೆ. ಬಾಗಿಲ ಮೇಲೆ ಒಂದು ಕಾಲದಲ್ಲಿ ತಗಡಿನ ಕೆಂಪು ಅಕ್ಷರಗಳಲ್ಲಿ 'ಜಲ ಅರಮನೆ' ಎಂದಿತ್ತು. ಅಕ್ಷರಗಳನ್ನು ಗುಜರಿಯವರು ಕಿತ್ತುಕೊಂಡು ಹೋಗಿ ಇಪ್ಪತ್ತು ವರ್ಷವಾಯಿತು. ರಷ್ಯನ್ನರು ಬಸ್ಸೇನ್ ಎನ್ನುತ್ತಿದ್ದರು. ಗಣಿಯಿಂದ ಮೇಲೆ ಬಂದವರು ಹಬೆಮನೆ ಎನ್ನುತ್ತಿದ್ದರು, ಚಳಿಗಾಲದಲ್ಲಿ ಬಾಗಿಲು ತೆರೆದರೆ ಬೀದಿಯವರೆಗೂ ಹಬೆ ನುಗ್ಗುತ್ತಿದ್ದುದರಿಂದ. ನಮ್ಮ ಕಿರ್ಗಿಜ್ ಅಜ್ಜಿಯರು ನೀರುಮನೆ ಎಂದರು, ಊರಿಗೆ ಅದೇ ನಿಂತಿತು. ರಾಜಧಾನಿಯ ಪತ್ರಿಕೆಗಳು ಬರೆಯುವ ಹಾಗೆ 'ಒಳಾಂಗಣ ಈಜುಕೊಳ' ಎಂದು ಇಲ್ಲಿ ಯಾರೂ ಬಾಯಿ ನೋಯಿಸಿಕೊಳ್ಳುವುದಿಲ್ಲ.

ಆದರೆ ಸರ್ಕಾರದ ದಾಖಲೆಯಲ್ಲಿ ಅದು ಇದ್ಯಾವುದೂ ಅಲ್ಲ. ಅಲ್ಲಿ ಅದರ ಹೆಸರು 'ಅಗ್ನಿಶಾಮಕ ನೀರಿನ ಮುಚ್ಚಿದ ತೊಟ್ಟಿ, ಸಂಖ್ಯೆ ಎರಡು'.

ಐವತ್ತು ವರ್ಷದ ಹಿಂದೆ ನಮ್ಮಂಥ ಸಣ್ಣ ಊರಿಗೆ ಈಜುಕೊಳ ಕಟ್ಟಲು ಮೇಲಿನಿಂದ ಒಪ್ಪಿಗೆ ಸಿಗುತ್ತಿರಲಿಲ್ಲ. ಬೆಂಕಿ ಆರಿಸುವ ನೀರಿನ ತೊಟ್ಟಿಗೆ ಸಿಗುತ್ತಿತ್ತು, ಗಣಿಯಿದ್ದ ಊರಲ್ಲವೇ. ಆಗಿನ ಗಣಿ ನಿರ್ದೇಶಕ ತೊಟ್ಟಿ ಎಂದೇ ಅರ್ಜಿ ಹಾಕಿದ. ಆಮೇಲೆ ಕಸ ಬೀಳಬಾರದೆಂದು ಅದಕ್ಕೊಂದು ಸೂರು ಹಾಕಿಸಿದ. ಕಾವಲುಗಾರನಿಗೆ ಕತ್ತಲಾಗಬಾರದೆಂದು ಹದಿನಾರು ಕಿಟಕಿ ಇಡಿಸಿದ. ಪಾಚಿ ಕಟ್ಟಬಾರದೆಂದು ಟೈಲು ಹಾಕಿಸಿದ. ತಳದಲ್ಲಿ ಐದು ಕಪ್ಪು ಪಟ್ಟಿ ಯಾಕೆ ಎಂದು ತಪಾಸಣೆಗೆ ಬಂದವರು ಕೇಳಿದರೆ ನೀರಿನ ಅಳತೆಗೆ ಎಂದನಂತೆ. ತಪಾಸಣೆಯವರು ಎರಡು ತಾಸು ಆ ಅಳತೆಯ ಮೇಲೆ ಈಜಿ, ಒದ್ದೆ ತಲೆಯಲ್ಲೇ ಸಹಿ ಹಾಕಿ ಹೋದರು. ಊರಿಗೆಲ್ಲ ಗೊತ್ತಿದ್ದ ಸುಳ್ಳು ಅದು. ಒಳ್ಳೆಯ ಸುಳ್ಳು. ಅದನ್ನು ತಿದ್ದಬೇಕೆಂದು ಐವತ್ತು ವರ್ಷ ಯಾರಿಗೂ ಹೊಳೆಯಲಿಲ್ಲ.

"ತೊಟ್ಟಿ ಸಂಖ್ಯೆ ಒಂದು ಎಲ್ಲಿದೆ?" ಎಂದು ಕೇಳುತ್ತೇನೆ.

"ಡೈರೆಕ್ಟರ್ ಮನೆ ಬಚ್ಚಲಿರ್ಬೇಕು," ಎನ್ನುತ್ತಾನೆ ರಿನಾತ್.

ಬುರ್ಮಾ ಎಜೆ ಇಲ್ಲಿಗೆ ಬಂದಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ನೆಲ ಒರೆಸುವ ಕೆಲಸಕ್ಕೆ. ಅದಕ್ಕೆ ಹಿಂದಿನ ಬೇಸಿಗೆಯಲ್ಲಿ ಅವರ ತಮ್ಮ ಕುಬಾತ್ ಊರಾಚೆಯ ಹಳೆ ಗುಂಡಿಯಲ್ಲಿ ಮುಳುಗಿ ಸತ್ತಿದ್ದ. ಕಲ್ಲಿದ್ದಲು ತೆಗೆದು ಬಿಟ್ಟ ಗುಂಡಿ ಅದು, ನೀರು ತುಂಬಿ ಹಸಿರಾಗಿದೆ. ಆಳ ಎಷ್ಟೆಂದು ಯಾರೂ ನೋಡಿಲ್ಲ. ಬೇಸಿಗೆ ಬಂತೆಂದರೆ, ನೀರುಮನೆ ಬಿಟ್ಟರೆ ನಮ್ಮೂರ ಮಕ್ಕಳಿಗೆ ಹೋಗಲು ಬೇರೆ ಜಾಗವೂ ಇಲ್ಲ.

"ನಾನು ದಡದಲ್ಲೇ ಇದ್ದೆ," ಎನ್ನುತ್ತಾರೆ ಎಜೆ, ಹಾರೆಯ ಮೇಲೆ ಗದ್ದ ಊರಿ. "ಅವ್ನು ಕೈ ಎತ್ತಿದ, ನಾನು ಕೂಗಿದೆ. ಇನ್ನೇನ್ ಮಾಡ್ಲಿ, ಈಜು ಬರ್ತಿರ್ಲಿಲ್ಲ. ಇಲ್ಲಿ ನೆಲ ಒರೆಸ್ತಾ ಒರೆಸ್ತಾ ನೋಡ್ತಿದ್ದೆ. ಎಮ್ಮಾ ಕಾರ್ಲೊವ್ನಾ ಅಂತ ಒಬ್ರು ಜರ್ಮನ್ ಹೆಂಗಸು ಮಕ್ಳಿಗೆ ಕಲಿಸ್ತಿದ್ರು. ಒಂದಿನ ಅವ್ರು ಕೇಳಿದ್ರು, 'ಹುಡ್ಗಿ, ಆ ಬಕೆಟ್ ಹಾಗೆ ಯಾಕೆ ತಬ್ಕೊಂಡಿದೀಯ, ನೀರಿಗಿಳಿ' ಅಂತ. ಇಳಿದೆ."

ನಾಲ್ಕು ವರ್ಷದ ನಂತರ ಎಮ್ಮಾ ಕಾರ್ಲೊವ್ನಾ ಊರು ಬಿಟ್ಟು ಜರ್ಮನಿಗೆ ಹೋದರು. ಹೋಗುವಾಗ ಕೊರಳಿನ ಸೀಟಿ ಬಿಚ್ಚಿ ಬುರ್ಮಾ ಎಜೆಯ ಕೊರಳಿಗೆ ಹಾಕಿದರು. ಆಮೇಲೆ ಗಣಿ ಮುಚ್ಚಿತು, ಅರ್ಧ ಊರು ಖಾಲಿಯಾಯಿತು, ಸಿನಿಮಾ ಮಂದಿರ ಕುಸಿಯಿತು. ನೀರುಮನೆ ಮಾತ್ರ ತೆರೆದೇ ಇತ್ತು. ಮೂವತ್ತೆರಡು ವರ್ಷ ಅವರೇ ನೆಲ ಒರೆಸಿದ್ದಾರೆ, ಅವರೇ ಕ್ಲೋರಿನ್ ಹಾಕಿದ್ದಾರೆ, ಅವರೇ ಕಲಿಸಿದ್ದಾರೆ. ಥರ್ಮಾಮೀಟರ್ ಒಡೆದ ಮೇಲೆ, ಹಸುಗೂಸಿನ ಸ್ನಾನದ ನೀರು ನೋಡುವ ಹಾಗೆ ಮೊಣಕೈ ಅದ್ದಿ ಇಪ್ಪತ್ತಾರು ಡಿಗ್ರಿಯೋ ಇಪ್ಪತ್ತೇಳೋ ಹೇಳುತ್ತಿದ್ದರು. ದಿನಕ್ಕೆ ತೊಂಬತ್ತು ಜನ ಬರುತ್ತಿದ್ದರು. ನನಗೂ ಇಲ್ಲೇ ಈಜು ಬಂದಿದ್ದು. ಶಾಲೆ ಒಂಬತ್ತನೇ ತರಗತಿಗೇ ಬಿಟ್ಟೆ, ಇದನ್ನು ಬಿಡಲಿಲ್ಲ.

ಇಲ್ಲಿ ಕಲಿತವರಿಗೆಲ್ಲ ಗೊತ್ತಿರುವ ಒಂದು ಪದ್ಧತಿಯಿದೆ. ಗೋಡೆಯಿಂದ ಟೈಲು ಉದುರುವುದು ಹಳೆಯ ಕಟ್ಟಡದಲ್ಲಿ ಮಾಮೂಲು. ಉದುರಿದ ಟೈಲನ್ನು ಎಜೆ ಎತ್ತಿಡುತ್ತಾರೆ. ಯಾವ ಮಗು ಮೊದಲ ಸಲ ಎಲ್ಲೂ ಕಾಲೂರದೆ, ಅಂಚು ಹಿಡಿಯದೆ ಇಪ್ಪತ್ತೈದು ಮೀಟರ್ ದಾಟುತ್ತದೋ ಅದರ ಕೈಗೆ ಟೈಲು ಮತ್ತು ಮೊಳೆ ಕೊಡುತ್ತಾರೆ. ಮಗು ಟೈಲಿನ ಹಿಂಬದಿಗೆ ತನ್ನ ಹೆಸರು ಗೀರುತ್ತದೆ. ಎಜೆ ಸಿಮೆಂಟು ಕಲಸಿ, ಹೆಸರು ಒಳಮುಖವಾಗಿ ಅದನ್ನು ಗೋಡೆಗೆ ಅಂಟಿಸುತ್ತಾರೆ. ಆಮೇಲೆ ಆ ಹೆಸರು ಯಾರಿಗೂ ಕಾಣುವುದಿಲ್ಲ. ಅಲ್ಲಿದೆ ಎಂದು ಬರೆದವರಿಗೆ ಗೊತ್ತು, ಎಜೆಗೆ ಗೊತ್ತು. ಸಾವಿರದ ಇನ್ನೂರ ಆರು ಹೆಸರುಗಳಿವೆ ಆ ಗೋಡೆಗಳೊಳಗೆ.

ಒಮ್ಮೆ ಹಿಂದಿನ ಮೇಯರ್ ತನ್ನ ಮಗನನ್ನು ಕರೆತಂದಿದ್ದ. ಹುಡುಗ ಇಪ್ಪತ್ತೆರಡು ಮೀಟರಿಗೆ ಬಂದು ಅಂಚು ಹಿಡಿದ.

"ಎಜೆ, ಮೂರು ಮೀಟ್ರು ತಾನೆ, ಬರೆಸ್ಬಿಡಿ, ಹುಡ್ಗ ಖುಷಿಯಾಗ್ತಾನೆ," ಎಂದ ಮೇಯರ್.

"ಗುಂಡೀಲೂ ಮೂರು ಮೀಟ್ರು ತಾನೆ ಅಂತೀರಾ?" ಎಂದರು ಎಜೆ. ಆ ಹುಡುಗ ಮುಂದಿನ ವಾರ ಬಂದು ಪೂರ್ತಿ ದಾಟಿ, ಅಪ್ಪನಿಲ್ಲದಾಗ ಹೆಸರು ಗೀರಿ ಹೋದ.

ಹೋದ ಜೂನ್‌ನಲ್ಲಿ ಪುರಸಭೆಯಿಂದ ಕ್ಲೋರಿನ್ ಬರುವುದು ನಿಂತಿತು. ಹೊಸದಾಗಿ ಬಂದ ಉಗ್ರಾಣದ ಅಧಿಕಾರಿ ದಾಖಲೆ ನೋಡಿದನಂತೆ. ಬೆಂಕಿ ಆರಿಸುವ ನೀರಿಗೆ ಕ್ಲೋರಿನ್ ಏಕೆ ಎಂದು ಕೇಳಿದನಂತೆ. ನ್ಯಾಯವಾದ ಪ್ರಶ್ನೆ! ಬೆಂಕಿಗೆ ಚರ್ಮರೋಗ ಬರುವುದಿಲ್ಲವಲ್ಲ. ಕ್ಲೋರಿನ್ ಇಲ್ಲದ ನೀರಿಗೆ ಮಕ್ಕಳನ್ನು ಇಳಿಸಲು ಎಜೆ ಒಪ್ಪಲಿಲ್ಲ. ಏಳು ವಾರ ನೀರುಮನೆಗೆ ಬೀಗ ಬಿತ್ತು. ಆ ಏಳು ವಾರದೊಳಗೆ, ಜುಲೈ ತಿಂಗಳ ಒಂದು ಮಧ್ಯಾಹ್ನ, ಮೂರನೇ ತರಗತಿಯ ನುರ್ಜಾದಾ ಹಳೆ ಗುಂಡಿಯಲ್ಲಿ ಮುಳುಗಿದಳು.

ನುರ್ಜಾದಾ ಎಜೆಯ ಶಿಷ್ಯೆ. ಬೀಗ ಬೀಳುವ ಹಿಂದಿನ ದಿನ ಹದಿನಾಲ್ಕು ಮೀಟರ್ ದಾಟಿದ್ದಳು.

ಸಾವಿನ ಮನೆಗೆ ಎಜೆ ಹೋದರು. ನಮ್ಮಲ್ಲಿ ಹೆಂಗಸರು ಅಳುತ್ತಲೇ ಅಂಗಳ ಹೊಗಬೇಕು. ಎಜೆಗೆ ದನಿ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ತಾಯಿ ತಿರುಗಿ ನೋಡಿದಳು. ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಎಜೆ, ಇನ್ನೂ ಎಷ್ಟು ದಿನ ಬೇಕಿತ್ತು ಅವ್ಳಿಗೆ?"

"ನಾನು ಸುಳ್ಳು ಹೇಳ್ಬಹುದಿತ್ತು," ಎನ್ನುತ್ತಾರೆ ಎಜೆ. "ಇನ್ನೂ ಒಂದ್ ವರ್ಷ ಬೇಕಿತ್ತು ಕಣಮ್ಮ ಅನ್ಬಹುದಿತ್ತು. ಅವ್ಳಿಗೆ ಸ್ವಲ್ಪ ಹಗುರ ಆಗ್ತಿತ್ತೋ ಏನೋ. ಎರಡು ವಾರ ಅಂದ್ಬಿಟ್ಟೆ. ನಿಜ ಅದೇ ಆಗಿತ್ತು, ಎರಡೇ ವಾರ."

ಆ ಸಾವಿನ ಮೇಲೆ ಕ್ಲೋರಿನ್ ಮತ್ತೆ ಬಂತು, ನೀರುಮನೆಯ ಬೀಗ ತೆರೆಯಿತು. ಸೆಪ್ಟೆಂಬರಿನಲ್ಲಿ ಪುರಸಭೆ ಒಂದು ಪಟ್ಟಿ ಹೊರಡಿಸಿತು. ಈ ಚಳಿಗಾಲದಿಂದ ಊರಿನ ಬಾಯ್ಲರ್ ಮನೆಯ ಬಿಸಿನೀರಿನ ಕೊಳವೆ ಶಾಲೆ, ಆಸ್ಪತ್ರೆ, ಶಿಶುವಿಹಾರ, ಕ್ರೀಡಾ ಕಟ್ಟಡಗಳಿಗೆ ಮಾತ್ರ. ತೊಟ್ಟಿಗಳ ಹೆಸರು ಪಟ್ಟಿಯಲ್ಲಿಲ್ಲ. ಎಜೆ ಕನ್ನಡಕ ಹಾಕಿಕೊಂಡು ಕೂತರು. ಹನ್ನೊಂದು ಅರ್ಜಿ ಬರೆದರು, ಜಿಲ್ಲೆಗೆ, ಪ್ರಾಂತ್ಯಕ್ಕೆ, ರಾಜಧಾನಿಗೆ. ಎಲ್ಲದರಲ್ಲೂ ಒಂದೇ ಬೇಡಿಕೆ: ಇದನ್ನು ಈಜುಕೊಳ ಎಂದು ಕರೆಯಿರಿ. ನಾವು ಐವತ್ತು ವರ್ಷದಿಂದ ಅದರಲ್ಲಿ ಈಜುತ್ತಿದ್ದೇವೆ, ಒಂದು ಬೆಂಕಿಯನ್ನೂ ಆರಿಸಿಲ್ಲ.

ಅಕ್ಟೋಬರಿನಲ್ಲಿ ಉತ್ತರ ಬಂತು. ಕಟ್ಟಡದ ಹೆಸರು ಬದಲಿಸಬೇಕೇ ಎಂದು ನೋಡಲು ಮೂರು ಜನರ ಸಮಿತಿ ಬರುತ್ತದೆ.

ಇನ್ನು ನಾನು ಹೇಳುವುದನ್ನು ಓದಿ ನೀವು ನಗಬಹುದು. ನಗಿ. ನಾವು ನಗುವ ಸ್ಥಿತಿಯಲ್ಲಿಲ್ಲ.

ಸಮಿತಿ ಬರುತ್ತದೆ ಎಂದರೆ ನಮ್ಮೂರಿಗೆ ಕೇಳಿಸಿದ್ದು, ಅತಿಥಿಗಳು ಬರುತ್ತಾರೆ ಎಂದು. ಮೂರು ದಿನ ಮೊದಲೇ ನೀರುಮನೆಯ ಮುಂದೆ ಸಭೆ ಸೇರಿತು. ಮುಂದಾಳು ಮೊಯ್ದುನ್ ಆತಾ; ಆತಾ ಅಂದರೆ ನಮ್ಮಲ್ಲಿ ಅಜ್ಜ. ಗಣಿಯ ಸೂರು ಕುಸಿದು ಬೆನ್ನು ಮುರಿದುಕೊಂಡು ಮೂವತ್ತು ವರ್ಷದಿಂದ ಎರಡು ಕೋಲಿನ ಮೇಲೆ ನಡೆಯುವವರು. ನೀರಿಗಿಳಿದರೆ ಮಾತ್ರ ಕೋಲಿಲ್ಲದೆ ನಡೆಯುತ್ತಾರೆ. ವಾರಕ್ಕೆ ಮೂರು ದಿನ, ಎದೆಮಟ್ಟದ ನೀರಿನಲ್ಲಿ, ಈ ತುದಿಯಿಂದ ಆ ತುದಿಗೆ.

"ಬಂದೋರ್ನ ಎಲ್ಲಿ ಕೂರಿಸ್ತೀರಿ?" ಎಂದು ಕೇಳಿದರು ಆತಾ.

"ಆಫೀಸಿನ ಕೋಣೇಲಿ," ಎಂದರು ಎಜೆ.

"ಬಾಗಿಲ ಪಕ್ಕದ ಗೂಡಲ್ಲಿ? ಚಪ್ಪಲಿ ಬಿಡೋ ಜಾಗದಲ್ಲಿ? ಬುರ್ಮಾ, ನಿಂಗೆ ಅಪ್ಪ ಅಮ್ಮ ಏನೂ ಕಲಿಸ್ಲಿಲ್ವಾ?"

ನಮ್ಮಲ್ಲಿ ಅತಿಥಿಯನ್ನು ಬಾಗಿಲಿಗೆ ಎದುರಾಗಿ, ಮನೆಯ ಅತಿ ಒಳಗಿನ ಜಾಗದಲ್ಲಿ ಕೂರಿಸಬೇಕು. ಯುರ್ತಾ ಗುಡಾರವಾಗಲಿ, ಫ್ಲಾಟ್ ಆಗಲಿ, ಗೌರವದ ಜಾಗ ಅದೊಂದೇ. ನೀರುಮನೆಯಲ್ಲಿ ಆ ಜಾಗ ಯಾವುದು? ಬಾಗಿಲು ಹೊಕ್ಕರೆ ಎದುರಿಗೆ ನೀರು, ನೀರಿನಾಚೆ ಡಾಲ್ಫಿನ್ ಗೋಡೆ, ಗೋಡೆಗೂ ನೀರಿಗೂ ನಡುವೆ ನಾಲ್ಕು ಹೆಜ್ಜೆ ಅಗಲದ ಕಟ್ಟೆ. ಅಲ್ಲಿಯೇ.

"ಆತಾ, ಅಲ್ಲಿ ತಿನ್ನೋ ಹಾಗಿಲ್ಲ. ಬೋರ್ಡು ನಾನೇ ಬರ್ದು ಹಾಕಿದೀನಿ."

"ಬೋರ್ಡು ನಮ್ಗೆ. ಅತಿಥಿಗಲ್ಲ. ಒಂದಿನ ತೆಗೆದಿಡು."

ಎಜೆ ತೆಗೆದಿಟ್ಟರು. "ಮೂವತ್ತೆರಡು ವರ್ಷದಲ್ಲಿ ಒಂದೇ ದಿನ," ಎನ್ನುತ್ತಾರೆ.

ಸಮಿತಿಯ ದಿನ ಡಾಲ್ಫಿನ್ ಕೆಳಗೆ ನಾಲ್ಕು ಕಂಬಳಿ ಹಾಸಿದ್ದರು. ಮೇಲೆ ದಸ್ತರಖಾನ್ ಬಟ್ಟೆ, ಅದರ ಮೇಲೆ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ರಾಶಿ, ಏಪ್ರಿಕಾಟ್, ಬೆಣ್ಣೆ, ಬೇಯಿಸಿದ ಕುರಿ. ಊರು ಇಷ್ಟಕ್ಕೇ ನಿಲ್ಲಲಿಲ್ಲ. ಇದು ಈಜುಕೊಳ ಎಂದು ತೋರಿಸಬೇಕಿತ್ತಲ್ಲ. ಈಜಬಲ್ಲವರೆಲ್ಲ ಬಂದರು. ಶಾಲೆಗೆ ರಜ ಕೊಟ್ಟರು. ಅಂಗಡಿ ಮುಚ್ಚಿದರು. ಈಜುಡುಗೆ ಇಲ್ಲದ ಅಜ್ಜಿಯರು ಉದ್ದಂಗಿಯಲ್ಲೇ ಇಳಿದರು, ಅಂಗಿ ಗಾಳಿ ತುಂಬಿ ಗುಡಾರದ ಹಾಗೆ ಉಬ್ಬಿತ್ತು. ಮೊಯ್ದುನ್ ಆತಾ ಪದಕಗಳನ್ನು ಟೋಪಿಗೆ ಚುಚ್ಚಿಕೊಂಡು ನೀರಿನಲ್ಲಿ ನಡೆದರು. ನಲವತ್ತೆಂಟು ಜನ ಹಿಡಿಸುವ ಕೊಳದಲ್ಲಿ ನೂರ ಮೂವತ್ತೇಳು ಜನ.

ಸಮಿತಿಯ ಮುಖ್ಯಸ್ಥ ಮೆದೆರ್‌ಬೆಕ್ ಎಂಬ ಮೃದು ಮಾತಿನ ಮನುಷ್ಯ. ಕಂಬಳಿಯ ಮೇಲೆ ಕಾಲು ಮಡಚಿ ಕೂತು ಎರಡು ತಟ್ಟೆ ಮಾಂಸ ತಿಂದ. ಮಕ್ಕಳು ದಾಟಿದಾಗ ಚಪ್ಪಾಳೆ ಹೊಡೆದ. ಎದ್ದು ಹೋಗುವ ಮುನ್ನ ಎರಡೂ ಅಂಗೈ ಎತ್ತಿ, ಈ ಮನೆಯ ಒಲೆ ಆರದಿರಲಿ, ಇಲ್ಲಿಯ ಮಕ್ಕಳು ಸುಖವಾಗಿ ಬಾಳಲಿ ಎಂದು ಹರಸಿದ. ನೀರೊಳಗಿದ್ದವರೂ ಒದ್ದೆ ಕೈ ಎತ್ತಿ ಮುಖ ಸವರಿಕೊಂಡರು. ಮೊಯ್ದುನ್ ಆತಾ ಅತ್ತರು.

"ಆಯ್ತು ಕಣೋ," ಎಂದರು ಎಜೆ ನನಗೆ. "ಇನ್ನು ಆಯ್ತು."

ನವೆಂಬರ್ ನಾಲ್ಕರಂದು ಕಾಗದ ಬಂತು. ಎಜೆಯ ಕೈ ಒದ್ದೆಯಿತ್ತು, ನಾನೇ ಓದಿದೆ. "ಸದರಿ ಕಟ್ಟಡವನ್ನು ಇಂದಿನಿಂದ ಒಳಾಂಗಣ ಈಜುಕೊಳವೆಂದು ಪರಿಗಣಿಸಲಾಗಿದೆ."

"ಇನ್ನೊಂದ್ಸಲ ಓದು."

ಓದಿದೆ.

"ಇನ್ನೊಂದ್ಸಲ."

ಮೂರನೇ ಸಲ ಓದಿ ಪುಟ ತಿರುವಿದೆ. ತಿರುವದೇ ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ. ಎರಡನೇ ಪುಟದಲ್ಲಿ, ಒಳಾಂಗಣ ಈಜುಕೊಳಗಳಿಗೆ ಅನ್ವಯಿಸುವ ನಿಯಮಗಳ ಪ್ರಕಾರ ಈ ಕಟ್ಟಡದಲ್ಲಿ ಹತ್ತೊಂಬತ್ತು ತಪ್ಪುಗಳಿವೆ ಎಂದಿತ್ತು. ಗಾಳಿಯಾಡುವ ಯಂತ್ರವಿಲ್ಲ. ವೈದ್ಯರ ಕೋಣೆಯಿಲ್ಲ. ತರಬೇತುದಾರರ ಬಳಿ ಪ್ರಮಾಣಪತ್ರವಿಲ್ಲ. ಹನ್ನೊಂದನೆಯದು: ಮಿತಿಗಿಂತ ಮೂರು ಪಟ್ಟು ಜನರನ್ನು ನೀರಿಗಿಳಿಸಿ ಜೀವಕ್ಕೆ ಅಪಾಯ ತಂದಿದ್ದಾರೆ. ಹದಿನಾಲ್ಕನೆಯದು: ಈಜುವವರು ನಿಗದಿತ ಉಡುಪು ಧರಿಸಿಲ್ಲ. ಹತ್ತೊಂಬತ್ತನೆಯದು: ಈಜುವ ಸಭಾಂಗಣದೊಳಗೆ, ನೀರಿನ ಅಂಚಿನಲ್ಲಿ, ಎಣ್ಣೆಯಲ್ಲಿ ಕರಿದ ತಿಂಡಿ ಹಾಗೂ ಮಾಂಸ ಬಡಿಸಲಾಗಿದೆ.

ತಪ್ಪುಗಳನ್ನು ಸರಿಪಡಿಸುವವರೆಗೆ ಈಜುಕೊಳ ತೆರೆಯುವಂತಿಲ್ಲ. ಕೊನೆಯ ಸಾಲು: ಮುಚ್ಚಿರುವ ಕಟ್ಟಡಗಳಿಗೆ ಬಿಸಿನೀರಿನ ಪೂರೈಕೆಯಿಲ್ಲ.

ತೊಟ್ಟಿ ಎಂದರೆ ಶಾಖವಿಲ್ಲ. ಈಜುಕೊಳ ಎಂದರೆ ಬಾಗಿಲಿಲ್ಲ. ಕೆಲಸ ಎಷ್ಟು ಅಚ್ಚುಕಟ್ಟು ನೋಡಿ. ನಾನು ಮೆದೆರ್‌ಬೆಕ್‌ಗೆ ಫೋನು ಮಾಡಿದೆ. ಏನೇನು ಕೂಗಿದೆನೋ ಇಲ್ಲಿ ಅಚ್ಚು ಹಾಕಲು ಸಂಪಾದಕರು ಬಿಡುವುದಿಲ್ಲ. ಆ ಮನುಷ್ಯ ಸ್ವಲ್ಪವೂ ಸಿಟ್ಟಾಗಲಿಲ್ಲ.

"ತಮ್ಮಾ, ಅವ್ರು ಕೇಳಿದ ಹೆಸ್ರು ಕೊಟ್ಟಿದೀವಿ. ಇನ್ನೇನ್ ಮಾಡ್ಬೇಕಿತ್ತು? ನೋಡಿದ್ದನ್ನ ಬರೀದೆ ಇರಕ್ಕಾಗತ್ತಾ? ನನ್ ಜೊತೆ ಇನ್ನೂ ಇಬ್ರಿದ್ರು," ಎಂದ. ಫೋನು ಇಡುವ ಮುಂಚೆ, "ಆ ಬೋರ್ಸೋಕ್ ಮಾಡಿದ್ದು ಯಾರು? ಬಹಳ ಚೆನ್ನಾಗಿತ್ತು ಅಂತ ಹೇಳು," ಎಂದ.

ಮಾಡಿದ್ದು ನುರ್ಜಾದಾಳ ತಾಯಿ. ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ನವೆಂಬರ್ ಹತ್ತರಂದು ಪುರಸಭೆಯವರು ರಿನಾತ್‌ನ ಕೈಯಿಂದಲೇ ಕೊಳವೆಯ ಬಿರಡೆ ಮುಚ್ಚಿಸಿದರು. ಆವತ್ತು ನೀರು ಇಪ್ಪತ್ತನಾಲ್ಕು ಡಿಗ್ರಿ ಇತ್ತು, ಎಜೆಯ ಮೊಣಕೈ ಲೆಕ್ಕದಲ್ಲಿ. ಒಂದು ವಾರಕ್ಕೆ ಹದಿನಾರು. ಎರಡು ವಾರಕ್ಕೆ ಒಂಬತ್ತು. ಡಿಸೆಂಬರ್ ಎರಡರಂದು ಆಳದ ಕಡೆಯ ಮೂಲೆಯಲ್ಲಿ ಮೊದಲ ಗಡ್ಡೆ ಕಂಡಿತು, ಅಂಗೈ ಅಗಲ, ಗಾಜಿನ ಹಾಗೆ.

ನೀರು ಖಾಲಿ ಮಾಡಬಾರದೇ ಎಂದು ನೀವು ಕೇಳಬಹುದು. ಪುರಸಭೆಯೂ ಕೇಳಿತು. ಎಜೆ ಹಾರೆ ಹಿಡಿದು ಬಾಗಿಲಲ್ಲಿ ನಿಂತರು. ಈ ಕೊಳದ ಕೆಳಗೆ ಗಣಿಯ ಹಳೆಯ ನೀರಿದೆ, ನೆಲ ಸದಾ ಒದ್ದೆ. ಒಳಗೆ ಐನೂರ ಐವತ್ತು ಟನ್ ನೀರು ಕೂತಿರುವುದರಿಂದಲೇ ತಳ ತಳದಲ್ಲಿದೆ. ಖಾಲಿ ಮಾಡಿದರೆ ಹೆಪ್ಪುಗಟ್ಟಿದ ನೆಲ ಅದನ್ನು ಕೆಳಗಿನಿಂದ ಎತ್ತುತ್ತದೆ. ಪಕ್ಕದ ಗಣಿ ಊರಿನಲ್ಲಿ ಒಂದು ಚಳಿಗಾಲ ಹಾಗೆ ಖಾಲಿ ಮಾಡಿದ್ದರು. ಮಾರ್ಚಿನಲ್ಲಿ ಬಾಗಿಲು ತೆರೆದರೆ ಕೊಳದ ತಳ ತಂದೂರಿನ ರೊಟ್ಟಿಯ ಹಾಗೆ ಉಬ್ಬಿ ಒಡೆದಿತ್ತು. ಈಗ ಅಲ್ಲಿ ಟೈರುಗಳ ಗೋದಾಮಿದೆ.

ಹಾಗಾಗಿ ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು, ಸಂಜೆ ಒಂದು ಸುತ್ತು. ದಿನಕ್ಕೆ ಇನ್ನೂರ ಹದಿನಾರು ಮೀಟರ್ ಮಂಜುಗಡ್ಡೆ. ಮುಚ್ಚಿದ ಕಟ್ಟಡಕ್ಕೆ ಸಿಬ್ಬಂದಿ ಇರುವುದಿಲ್ಲವಾದ್ದರಿಂದ ಎಜೆ ಈಗ ಕೆಲಸದಲ್ಲಿಲ್ಲ. ಬೀಗದ ಕೈ ವಾಪಸ್ ಕೊಡಿ ಎಂದು ಎರಡು ಸಲ ಕೇಳಿದ್ದಾರೆ. ಕಳೆದುಹೋಗಿದೆ ಎಂದಿದ್ದಾರೆ ಎಜೆ. ಅದು ಅವರ ಕೊರಳಲ್ಲಿ, ಸೀಟಿಯ ಪಕ್ಕದಲ್ಲಿ ನೇತಾಡುತ್ತಿದೆ.

ಈ ಕೆಲಸದಿಂದ ಕಟ್ಟಡ ಉಳಿಯುತ್ತದೆಯೇ? ಉಳಿಯುವುದಿಲ್ಲ. ಸುಳ್ಳು ಬರೆದು ನಿಮ್ಮ ಭಾನುವಾರವನ್ನು ಚಂದ ಮಾಡುವ ಆಸೆ ನನಗಿಲ್ಲ. ಪೂರ್ವದ ಗೋಡೆಯಲ್ಲಿ ಆಗಲೇ ಕೂದಲೆಳೆಯ ಬಿರುಕು ಬಿಟ್ಟಿದೆ. ನೀರು ವಾರಕ್ಕೆ ಮೂರು ಬೆರಳು ಇಳಿಯುತ್ತಿದೆ. ಎಜೆ ಪ್ರತಿ ಸೋಮವಾರ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ, ಗೆರೆಗಳು ಒಂದರ ಕೆಳಗೊಂದು ಇಳಿಯುತ್ತಿವೆ. ತುಂಬಿಸಲು ನಲ್ಲಿಯಲ್ಲಿ ನೀರಿಲ್ಲ, ಅದೂ ಹೆಪ್ಪುಗಟ್ಟಿದೆ. ಮೊಯ್ದುನ್ ಆತಾ ಎರಡು ತಿಂಗಳಿಂದ ಮನೆಯಿಂದ ಹೊರಗೆ ಬಂದಿಲ್ಲ. ಕಾಲು ಸೆಟೆದುಕೊಂಡಿದೆಯಂತೆ. ಕಂಬಳಿ ಹಾಸಲು ಹೇಳಿದ್ದು ನಾನೇ ಎಂದು ಗೋಡೆಗೆ ಹೇಳಿಕೊಳ್ಳುತ್ತಾರಂತೆ.

"ಗೊತ್ತು ನಂಗೆ," ಎನ್ನುತ್ತಾರೆ ಎಜೆ. "ಫೆಬ್ರುವರಿವರೆಗೆ ಬಂದ್ರೆ ಹೆಚ್ಚು. ನೀನು ಮುಖ ಹಾಗ್ ಮಾಡ್ಕೋಬೇಡ. ರಿನಾತ್, ಇವ್ನಿಗೆ ಚಹಾ ಕೊಡು."

"ಇವ್ನಿಗೆ ಚಹಾ ಕೊಟ್ರೆ ಹತ್ತೊಂಬತ್ತನೇ ತಪ್ಪಾಗತ್ತೆ ಎಜೆ. ನೀರಿನ ಅಂಚಲ್ಲಿದೀವಿ."

"ಇಪ್ಪತ್ತನೇದು ಬರ್ಕೊಳ್ಳಿ ಅನ್ನು."

ಮೂವರೂ ನಗುತ್ತೇವೆ. ಖಾಲಿ ಹಜಾರದಲ್ಲಿ ನಗು ಹೋಗಿ ಡಾಲ್ಫಿನ್‌ಗೆ ಬಡಿದು ವಾಪಸ್ ಬರುತ್ತದೆ.

ಎಜೆ ಮಂಡಿಯೂರಿ, ಒಡೆದ ಗಡ್ಡೆಯ ನಡುವೆ ತೋಳು ಬಿಟ್ಟು ಏನೋ ತಡಕಾಡುತ್ತಾರೆ. ಒಂದು ಟೈಲು ಮೇಲೆ ಬರುತ್ತದೆ. ಚಳಿಗೆ ಗೋಡೆಯಿಂದ ಕಳಚಿ ಗಡ್ಡೆಗೆ ಅಂಟಿಕೊಂಡಿದ್ದು. ತೋಳು ಮೊಣಕೈವರೆಗೆ ಕೆಂಪಾಗಿದೆ. ಕೋಟಿಗೆ ಟೈಲು ಒರೆಸಿ ತಿರುಗಿಸುತ್ತಾರೆ. ಹಿಂಬದಿಯಲ್ಲಿ ಮೊಳೆಯಿಂದ ಗೀರಿದ ಸೊಟ್ಟ ಅಕ್ಷರಗಳು: ಎಲ್ಮಿರಾ. ಅದು ಕಳಚಿದ ಜಾಗದಲ್ಲಿ, ಗೋಡೆಯ ಸಿಮೆಂಟಿನ ಮೇಲೆ ಅದೇ ಹೆಸರು ತಿರುಗುಮುರುಗಾಗಿ ಉಬ್ಬಿ ನಿಂತಿದೆ.

"ಇವ್ಳು ಈಗ ಮಾಸ್ಕೋದಲ್ಲಿ ನೆಲ ಒರೆಸ್ತಾಳೆ. ಮೂರ್ ಮಕ್ಳು," ಎಂದು ಎಜೆ ಟೈಲನ್ನು ಕಿಟಕಿಯ ಕಟ್ಟೆಗೆ ಒಯ್ದು ಇಡುತ್ತಾರೆ. ಅಲ್ಲಿ ಅರವತ್ತನಾಲ್ಕು ಟೈಲುಗಳು ಆಗಲೇ ಸಾಲಾಗಿ ಕೂತಿವೆ, ಹೆಸರು ಮೇಲಾಗಿ. ಮೂವತ್ತು ವರ್ಷ ಗೋಡೆಯೊಳಗಿದ್ದ ಹೆಸರುಗಳು ದಿನಕ್ಕೆರಡರಂತೆ ಹೊರಗೆ ಬರುತ್ತಿವೆ.

ನಿಮಗೇನು ಬೇಕು ಎಜೆ ಎಂದು ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಅದನ್ನು ಕೇಳಲೇಬೇಕು.

"ಶಾಖ ಬೇಕು ಅಂತ ಬರೀಬೇಡ. ನಾನೇ ಹನ್ನೊಂದು ಸಲ ಬರ್ದಿದೀನಿ. ಇದು ಬಿದ್ಮೇಲೆ ಲಾರಿ ತಗೊಂಡು ಬರ್ತಾರಲ್ಲ, ಅವ್ರು ಈ ಟೈಲುಗಳ್ನ ಕಸಕ್ಕೆ ಸುರೀದೆ ಇದ್ರೆ ಸಾಕು. ಯಾರ್ದು ಯಾವ್ದು ಅಂತ ನಾನಿದ್ರೆ ನಾನು ಹೇಳ್ತೀನಿ. ಇಲ್ದಿದ್ರೆ ಹೆಸ್ರು ಇದ್ದೇ ಇದೆ, ಓದ್ಕೊಂಡು ಮನೆಮನೆಗೆ ಕೊಡ್ಲಿ."

ಸಾಲಿನ ಕೊನೆಗೆ, ಉಳಿದವುಗಳಿಂದ ಸ್ವಲ್ಪ ದೂರದಲ್ಲಿ, ಒಂದು ಟೈಲು ಬೇರೆಯಾಗಿ ಇದೆ. ಎತ್ತಿ ನೋಡುತ್ತೇನೆ. ಹಿಂದೆ ಏನೂ ಬರೆದಿಲ್ಲ. ಪಕ್ಕದಲ್ಲಿ ಒಂದು ಮೊಳೆ.

"ಅದು ನುರ್ಜಾದಾದು," ಎನ್ನುತ್ತಾರೆ ಎಜೆ. "ಜೂನ್‌ನಲ್ಲೇ ಎತ್ತಿಟ್ಟಿದ್ದೆ. ಅವ್ರಮ್ಮ ಮೊನ್ನೆ ಬಂದಿದ್ಲು. 'ಎಜೆ, ನೀವೇ ಗೀರ್ಬಿಡಿ, ನಾನು ಮನೇಲಿಟ್ಕೋತೀನಿ' ಅಂದ್ಲು."

"ಗೀರಿದ್ರಾ?"

ಎಜೆ ನನ್ನ ಕೈಯಿಂದ ಟೈಲು ತೆಗೆದುಕೊಂಡು, ಇದ್ದ ಜಾಗದಲ್ಲೇ ಇಟ್ಟು, ಹಾರೆಗೆ ಕೈ ಹಾಕುತ್ತಾರೆ. ಮೊದಲು ಒಡೆದ ಮೂಲೆಯಲ್ಲಿ ನೀರು ಮತ್ತೆ ಪೊರೆ ಕಟ್ಟಲು ಶುರುವಾಗಿದೆ.

"ಹನ್ನೊಂದು ಮೀಟ್ರು ಬಾಕಿ ಇತ್ತಲ್ಲೋ. ಅವ್ಳ ಜೊತೆ ಕೂತು ಅತ್ತೆ, ಗೀರ್ಲಿಲ್ಲ. ದಾಟದೇ ಇರೋರ ಹೆಸ್ರು ನಾನು ಯಾವತ್ತೂ ಬರ್ದಿಲ್ಲ. ಈ ಗೋಡೇಲಿ ಅಂಥದ್ದು ಒಂದೂ ಇಲ್ಲ, ಬೇಕಾದ್ರೆ ಎಲ್ಲಾ ಬಿದ್ಮೇಲೆ ಬಂದು ಎಣಿಸ್ಕೋ."